ಸಾಲ ಬೇಡ ಅಂದ ಅಪ್ಪ, ಬಂಡಿ ಕಟ್ಟಿದ ಐವರು ಮಕ್ಕಳು

ಹಳೇ ಕಾರುಗಳ ಹುಚ್ಚಿರುವವರಿಗೆ ಸ್ಟುಡಿಬೇಕರ್ ಅಂದರೆ ಚೂಪು ಮೂತಿಯ ಆ 1950ರ ಕಾರು ನೆನಪಾಗುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಮೆರಿಕದ ಈ ಕಂಪನಿಯ ಗಾಡಿಗಳನ್ನು ನಮ್ಮ ದೇಶದಲ್ಲೇ ಜೋಡಿಸುತ್ತಿತ್ತು. ಆದರೆ ಸ್ಟುಡಿಬೇಕರ್ ಮನೆತನ ಮೊದಲ ಕಾರು ಮಾರುವ ಹೊತ್ತಿಗೆ ಕುದುರೆ ಬಂಡಿ ಕಟ್ಟಲು ಶುರುಮಾಡಿ ಐವತ್ತು ವರ್ಷ ಆಗಿತ್ತು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಬಂಡಿ ಕಟ್ಟುತ್ತಿದ್ದವರು ಇವರು.

ಈ ಮನೆತನದ ಬಗ್ಗೆ ಬರೆಯುವವರೆಲ್ಲ ಬಂಡಿಯಿಂದ ಕಾರಿಗೆ ದಾಟಿದ ಸಾಹಸವನ್ನೇ ಎತ್ತಿ ಹೇಳುತ್ತಾರೆ. ಅದು ದೊಡ್ಡದೇ, ಸುಳ್ಳಲ್ಲ. ನನಗೆ ಮಾತ್ರ ಓದುತ್ತಾ ಹೋದ ಹಾಗೆ ಇದು ಸಾಲದ ಕಥೆಯಾಗಿ ಕಂಡಿತು. ಯಾರು ಯಾರಿಗೆ ಬಾಕಿ ಉಳಿಸಿಕೊಂಡರು, ಯಾರು ತೀರಿಸಿದರು, ಯಾರು ತೀರಿಸಲಿಲ್ಲ ಅನ್ನುವ ಕಥೆ.

ಅಪ್ಪನಿಂದ ಶುರುಮಾಡೋಣ. ಜಾನ್ ಕ್ಲೆಮೆಂಟ್ ಸ್ಟುಡಿಬೇಕರ್ ಪೆನ್ಸಿಲ್ವೇನಿಯಾದ ಕಮ್ಮಾರ. ಹುಟ್ಟಿದ್ದು 1799ರಲ್ಲಿ. ಜರ್ಮನಿಯ ಜೋಲಿಂಗನ್ ಕಡೆಯಿಂದ 1736ರಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ ಬಂದ ಕುಟುಂಬ ಅವರದು. ಅವರು ಗೆಟಿಸ್‌ಬರ್ಗ್ ಹತ್ತಿರ ಬಂಡಿ ಮಾಡುತ್ತಿದ್ದರು. 1830ರ ದಶಕದ ನಡುವೆ, ತಾವೇ ಕಟ್ಟಿದ ಬಂಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಒಹಾಯೋದ ಆಶ್‌ಲ್ಯಾಂಡ್‌ಗೆ ಹೊರಟರು. ಕಾನೆಸ್ಟೋಗಾ ಅಂತ ಆ ಬಂಡಿಗೆ ಹೆಸರು. ದೋಣಿಯ ಹಾಗೆ ಎರಡೂ ತುದಿ ಮೇಲೆದ್ದಿರುತ್ತದೆ, ಮೇಲೆ ಬಿಳಿ ಬಟ್ಟೆಯ ಕಮಾನು. ಗುಡ್ಡ ಹತ್ತಿ ಇಳಿಯುವಾಗ ಒಳಗಿನ ಸಾಮಾನು ಜಾರಬಾರದು ಅಂತ ಆ ಆಕಾರ.

ಆಶ್‌ಲ್ಯಾಂಡಿನ ಕಮ್ಮಾರಸಾಲೆಯ ಮುಂದೆ ಅವರು ಒಂದು ಬೋರ್ಡು ತೂಗುಹಾಕಿದ್ದರು ಅಂತ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಅದರಲ್ಲಿದ್ದದ್ದು ಬೈಬಲ್ಲಿನ ಮಾತು. ಪ್ರೀತಿಯ ಋಣ ಒಂದನ್ನು ಬಿಟ್ಟು ಯಾರ ಹತ್ತಿರವೂ ಯಾವ ಸಾಲವನ್ನೂ ಉಳಿಸಿಕೊಳ್ಳಬೇಡಿ ಅನ್ನುವ ಅರ್ಥದ್ದು. ಅಪ್ಪ ಕೆಲಸದಲ್ಲಿ ಪಳಗಿದವರು. ದುಡ್ಡು ಮಾತ್ರ ಕೈಯಲ್ಲಿ ಕೂಡಲಿಲ್ಲ. ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಹೆನ್ರಿ, ಕ್ಲೆಮೆಂಟ್, ಜಾನ್, ಪೀಟರ್, ಜೇಕಬ್. ದೊಡ್ಡವರಿಬ್ಬರು ಚಿಕ್ಕಂದಿನಲ್ಲೇ ಕುಲುಮೆಯ ಕೆಲಸ ಕಲಿತರು. ಮನೆಯಲ್ಲಿ ಹಣ ಇಲ್ಲ, ಕೈಯಲ್ಲಿ ಕಸುಬು ಇದೆ. ಬಂಡಿಯ ವ್ಯಾಪಾರ ಶುರುವಾಗಿದ್ದು ಇಷ್ಟರಿಂದಲೇ.

1852ರ ಫೆಬ್ರವರಿ 16ರಂದು ಹೆನ್ರಿ ಮತ್ತು ಕ್ಲೆಮೆಂಟ್ ಇಂಡಿಯಾನಾದ ಸೌತ್ ಬೆಂಡ್ ಊರಿನಲ್ಲಿ ಸ್ವಂತ ಕಮ್ಮಾರಸಾಲೆ ತೆರೆದರು. ಅಣ್ಣನಿಗೆ 25 ವರ್ಷ, ತಮ್ಮನಿಗೆ ಇನ್ನೂ 21 ತುಂಬಿರಲಿಲ್ಲ. ಬಂಡವಾಳ 68 ಡಾಲರ್, ಜೊತೆಗೆ ಎರಡು ಕುಲುಮೆ. ಕುದುರೆಗೆ ಲಾಳ ಕಟ್ಟುವುದು, ರೈತರ ಸಾಮಾನು ರಿಪೇರಿ, ಇಂಥದ್ದೇ ಕೆಲಸ. ಮೊದಲ ವರ್ಷ ಕಟ್ಟಿದ ಬಂಡಿ ಎರಡೋ ಮೂರೋ ಅಷ್ಟೇ.

ಬಂಡಿ ಕಟ್ಟುವುದು ಅಂದರೆ ಏನು ಅಂತ ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ಇಡೀ ಬಂಡಿಯ ಮಾನ ನಿಲ್ಲುವುದು ಗಾಲಿಯ ಮೇಲೆ. ನಡುವೆ ಗುಂಬ, ಅದರಿಂದ ಹೊರಡುವ ಅರಗಳು, ಅರಗಳ ತುದಿಗೆ ಬಾಗಿದ ಮರದ ತುಂಡುಗಳ ಸುತ್ತು, ಅದರ ಮೇಲೆ ಕಬ್ಬಿಣದ ಪಟ್ಟಿ. ಎಲ್ಲಾ ಒಂದೇ ಮರದಲ್ಲಿ ಆಗುವುದಿಲ್ಲ. ಗುಂಬಕ್ಕೆ ಸೀಳು ಬಿಡದ ಮರ ಬೇಕು. ಅರಕ್ಕೆ ಗಟ್ಟಿ ಮರ. ಅಚ್ಚಿಗೆ ಏಟು ತಿಂದರೂ ಬಾಗಿ ತಡೆದುಕೊಳ್ಳುವ ಹಿಕರಿ ಮರ. ಪೆಟ್ಟಿಗೆಗೆ ಹಗುರ ಮರ. ಇಂಡಿಯಾನಾದ ಸುತ್ತ ಆಗ ಇಂಥ ಮರಗಳ ದಟ್ಟ ಕಾಡಿತ್ತು. ಊರಿನ ಅದೃಷ್ಟ ಅಂದರೆ ಅದೇ.

ಕಬ್ಬಿಣದ ಪಟ್ಟಿಯನ್ನು ಗಾಲಿಗಿಂತ ಚೂರು ಚಿಕ್ಕದಾಗಿ ಮಾಡುತ್ತಾರೆ. ಅದನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಇಳಿಸಿ, ಬಡಿದು ಕೂರಿಸಿ, ತಕ್ಷಣ ನೀರು ಸುರಿಯಬೇಕು. ಪಟ್ಟಿ ತಣ್ಣಗಾಗುತ್ತಾ ಕುಗ್ಗಿ, ಅರಗಳನ್ನೆಲ್ಲ ಗುಂಬದೊಳಕ್ಕೆ ಅದುಮಿ ಹಿಡಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಸುತ್ತಲೂ ಬೆರಣಿ ಜೋಡಿಸಿ ಎತ್ತಿನಗಾಡಿಯ ಪಟ್ಟಿ ಕಾಯಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಸೌತ್ ಬೆಂಡಿನ ಕಮ್ಮಾರರೂ ಮಾಡಿದ್ದು ಅದನ್ನೇ. ಮರ ಹಸಿ ಇದ್ದರೆ ಮಾತ್ರ ಈ ಕೆಲಸವೆಲ್ಲ ದಂಡ. ಪಶ್ಚಿಮದ ಒಣಹವೆಯಲ್ಲಿ ಹಸಿ ಮರ ಕುಗ್ಗಿ, ಅರ ಸಡಿಲವಾಗಿ, ಪಟ್ಟಿ ಕಳಚಿ ಬೀಳುತ್ತದೆ. ಹಾಗಾದಾಗ ಪ್ರಯಾಣಿಕರು ಗಾಲಿಗಳನ್ನು ಬಿಚ್ಚಿ ರಾತ್ರಿಯಿಡೀ ಹೊಳೆಯಲ್ಲಿ ನೆನೆಹಾಕುತ್ತಿದ್ದರು. ಆದ್ದರಿಂದ ಒಳ್ಳೆಯ ಬಂಡಿಗಾರ ಮರವನ್ನು ವರ್ಷಗಟ್ಟಲೆ ಒಣಗಲು ಬಿಡುತ್ತಾನೆ. ಅಷ್ಟು ದಿನ ದುಡ್ಡು ಮರದಲ್ಲೇ ಕೂತಿರುತ್ತದೆ. 68 ಡಾಲರ್ ಇರುವವರು ಅಷ್ಟು ಮರ ಕೂಡಿಡುವುದು ಹೇಗೆ, ಹೇಳಿ? ಸಾಲವೂ ಬೇಡ ಅಂದರೆ ಇನ್ನೂ ಕಷ್ಟ.

ಆ ದುಡ್ಡು ಬಂದದ್ದು ಐವರಲ್ಲಿ ಮೂರನೆಯವರಿಂದ. ಈ ಮನೆತನದಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ ಇವರೇ, ಜಾನ್ ಮೊಹ್ಲರ್ ಸ್ಟುಡಿಬೇಕರ್. 1853ರಲ್ಲಿ 19ರ ಹುಡುಗ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಗುತ್ತಿದೆ ಅಂತ ದೇಶಕ್ಕೆ ದೇಶವೇ ಅತ್ತ ಓಡುತ್ತಿತ್ತು. ಹೋಗಲು ಕಾಸಿಲ್ಲ. ಅದಕ್ಕೆ ಒಂದು ಬಂಡಿ ಕಟ್ಟಿ, ಪಶ್ಚಿಮಕ್ಕೆ ಹೊರಟಿದ್ದ ಒಂದು ತಂಡಕ್ಕೆ ಕೊಟ್ಟರು. ದಾರಿಯ ಖರ್ಚು ಆ ಬಂಡಿಯಲ್ಲೇ ಮುಟ್ಟಿತು. ತಿಂಗಳುಗಟ್ಟಲೆ ನಡೆದು ಪ್ಲಾಸರ್‌ವಿಲ್ ತಲುಪಿದಾಗ ಜೇಬಿನಲ್ಲಿದ್ದದ್ದು 50 ಸೆಂಟು.

ಅಲ್ಲಿ ಒಬ್ಬ ಕಮ್ಮಾರ ಕೆಲಸಕ್ಕೆ ಕರೆದ. ಚಿನ್ನ ಅಗೆಯುವವರಿಗೆ ಒಂಟಿಗಾಲಿಯ ತಳ್ಳುಗಾಡಿ ಬೇಕಿತ್ತು. ಜಾನ್ ಮಾಡಿದ ಮೊದಲನೆಯದು ಸೊಟ್ಟಪಟ್ಟ ಆಗಿತ್ತಂತೆ. ಆಮೇಲೆ ಕೈ ಕುದುರಿತು. ಒಂದಕ್ಕೆ 10 ಡಾಲರ್ ಸಿಗುತ್ತಿತ್ತು. ಸುತ್ತಲೂ ಜನ ಚಿನ್ನದ ಕನಸಿನಲ್ಲಿ ನದಿಯ ಮರಳು ಜಾಲಿಸುತ್ತಿದ್ದರೆ ಈ ಹುಡುಗ ಐದು ವರ್ಷ ತಳ್ಳುಗಾಡಿ ಮಾಡಿದ. ಊರಿನವರು ‘ವೀಲ್‌ಬ್ಯಾರೋ ಜಾನಿ’ ಅಂತ ಹೆಸರಿಟ್ಟರು. 1858ರಲ್ಲಿ ಮನೆಗೆ ವಾಪಸು ಹೊರಟಾಗ ಕೈಯಲ್ಲಿ 8,000 ಡಾಲರ್ ಇತ್ತು. ಪ್ಲಾಸರ್‌ವಿಲ್‌ನಲ್ಲಿ ಅವರ ನೆನಪಿಗೆ ಈಗಲೂ ತಳ್ಳುಗಾಡಿ ಓಟದ ಸ್ಪರ್ಧೆ ನಡೆಯುತ್ತದೆ.

ಅದೇ ಹೊತ್ತಿಗೆ ಸೌತ್ ಬೆಂಡಿನಲ್ಲಿ ದೊಡ್ಡಣ್ಣನ ಮನಸ್ಸು ಕದಡಿತ್ತು. ಪಕ್ಕದ ಊರಿನ ಮಿಲ್‌ಬರ್ನ್ ಅನ್ನುವ ಬಂಡಿ ವ್ಯಾಪಾರಿಗೆ ಸೈನ್ಯದಿಂದ ದೊಡ್ಡ ಆರ್ಡರ್ ಬಂದಿತ್ತು. ಅವರು ಅದರಲ್ಲಿ 100 ಬಂಡಿಗಳ ಕೆಲಸವನ್ನು ಸ್ಟುಡಿಬೇಕರ್ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಆದರೆ ಈ ಮನೆಯವರು ಡಂಕರ್ಡ್ ಅನ್ನುವ ಕ್ರೈಸ್ತ ಪಂಗಡಕ್ಕೆ ಸೇರಿದವರು. ಯುದ್ಧ ಆ ಪಂಗಡಕ್ಕೆ ನಿಷಿದ್ಧ. ಯುದ್ಧಕ್ಕೆ ಹೋಗುವ ಬಂಡಿ ಕಟ್ಟುವುದು ಹೆನ್ರಿಯವರ ಮನಸ್ಸಿಗೆ ಒಗ್ಗಲಿಲ್ಲ. ಜಾನ್ ತಂದ ಹಣದಲ್ಲಿ ತಮ್ಮ ಪಾಲಿನ ಬೆಲೆ ತೆಗೆದುಕೊಂಡು ಬೇಸಾಯಕ್ಕೆ ಹೋದರು.

ಮೂರೇ ವರ್ಷಕ್ಕೆ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದ ಸೈನ್ಯಕ್ಕೆ ಸ್ಟುಡಿಬೇಕರ್ ಬಂಡಿಗಳು ಸಾಲುಸಾಲಾಗಿ ಹೋದವು. ಕಂಪನಿ ಬೆಳೆದದ್ದು ಆ ಯುದ್ಧದಿಂದ. ಹೆನ್ರಿ ಕಳೆದುಕೊಂಡ ಸಿರಿ ಎಷ್ಟು ಅಂತ ಲೆಕ್ಕ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ. ತನ್ನ ನಂಬಿಕೆಗೆ ಬಾಕಿ ಉಳಿಸಿಕೊಳ್ಳಬಾರದು ಅಂತ ಹೊರಟುಹೋದ ಮನುಷ್ಯನನ್ನು ನಷ್ಟದ ಪಟ್ಟಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

1868ರಲ್ಲಿ ‘ಸ್ಟುಡಿಬೇಕರ್ ಬ್ರದರ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಆಯಿತು. ಆ ವರ್ಷದ ವ್ಯಾಪಾರ 3,50,000 ಡಾಲರ್. ಕ್ಲೆಮೆಂಟ್ ಅಧ್ಯಕ್ಷರು. ಜಾನ್ ಕಾರ್ಖಾನೆಯ ಮನುಷ್ಯ. ಪೀಟರ್ ಹುಟ್ಟಾ ವ್ಯಾಪಾರಿ. ಅವರು ಮಿಸೌರಿಯ ಸೇಂಟ್ ಜೋಸೆಫ್ ಊರಿನಲ್ಲಿ 1870ರಲ್ಲಿ ಮಾರಾಟದ ಮಳಿಗೆ ತೆರೆದರು. ಪಶ್ಚಿಮಕ್ಕೆ ಹೋಗುವ ಬಂಡಿಸಾಲು ಹೊರಡುತ್ತಿದ್ದ ಊರುಗಳಲ್ಲಿ ಅದೂ ಒಂದು. ದಾರಿ ಹಿಡಿಯುವವನಿಗೆ ದಾರಿಯ ಬಾಯಲ್ಲೇ ಬಂಡಿ ಸಿಗಬೇಕು ಅನ್ನುವ ಈ ಯೋಚನೆ ಎಷ್ಟು ಸರಳ, ಎಷ್ಟು ಸರಿ ಅಲ್ವಾ! ಎಲ್ಲರಿಗಿಂತ ಕಿರಿಯ ಜೇಕಬ್ ಸಾರೋಟಿನ ವಿಭಾಗ ನೋಡಿಕೊಂಡರು.

1872ರಲ್ಲಿ ಒಮ್ಮೆ, 1874ರಲ್ಲಿ ಇನ್ನೊಮ್ಮೆ ಕಾರ್ಖಾನೆಗೆ ಬೆಂಕಿ ಬಿತ್ತು. ಎರಡನೆಯ ಸಲ ಬಹುಪಾಲು ಸುಟ್ಟೇ ಹೋಯಿತು. ಅದಾದ ಮೇಲೆ ಇಟ್ಟಿಗೆಯಿಂದ ಇನ್ನೂ ದೊಡ್ಡದಾಗಿ ಕಟ್ಟಿದರು. ಹಸಿರು ಪೆಟ್ಟಿಗೆ, ಕೆಂಪು ಗಾಲಿಯ ಅವರ ಬಂಡಿ ರೈತರ ಅಂಗಳದಿಂದ ಹಿಡಿದು ಸೈನ್ಯದ ಬಿಡಾರದವರೆಗೆ ಎಲ್ಲಾ ಕಡೆ ಕಾಣತೊಡಗಿತು. 1890ರ ದಶಕದ ಹೊತ್ತಿಗೆ ವರ್ಷಕ್ಕೆ 75,000 ಗಾಡಿಗಳು ಸೌತ್ ಬೆಂಡಿನಿಂದ ಹೊರಬೀಳುತ್ತಿದ್ದವು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಬ್ರಿಟಿಷರೂ ಇವರ ಬಂಡಿ ಕೊಂಡರು.

ಸಾರೋಟುಗಳ ಕಡೆ ಕ್ಲೆಮೆಂಟ್‌ಗೆ ವಿಶೇಷ ಪ್ರೀತಿ. 1889ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಶ್ವೇತಭವನಕ್ಕೆ ಸ್ಟುಡಿಬೇಕರ್ ಸಾರೋಟುಗಳನ್ನೇ ತರಿಸಿಕೊಂಡರು. ಬೇರೆಯವರು ಕಟ್ಟಿದ ಒಳ್ಳೆಯ ಸಾರೋಟುಗಳನ್ನು ಹುಡುಕಿ ಕೊಳ್ಳುವ ಅಭ್ಯಾಸವೂ ಕ್ಲೆಮೆಂಟ್‌ಗೆ ಇತ್ತು. ಅಬ್ರಹಾಂ ಲಿಂಕನ್ ಕೊಲೆಯಾದ ರಾತ್ರಿ ಫೋರ್ಡ್ ಥಿಯೇಟರಿಗೆ ಹೋದ ಸಾರೋಟು ನ್ಯೂಯಾರ್ಕಿನ ವುಡ್ ಬ್ರದರ್ಸ್ ಕಟ್ಟಿದ್ದು. ಅದನ್ನು ಕ್ಲೆಮೆಂಟ್ ಕೊಂಡು ತಂದರು. ಈಗಲೂ ಅದು ಸೌತ್ ಬೆಂಡಿನ ಸ್ಟುಡಿಬೇಕರ್ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಎದುರಾಳಿಯ ಕೆಲಸವನ್ನು ಇಷ್ಟು ಆದರದಿಂದ ಕಾಪಾಡುವವನನ್ನು ನಾನು ನಿಜವಾದ ಕಸುಬುಗಾರ ಅನ್ನುತ್ತೇನೆ. ಸಿರಿ ಬಂದ ಮೇಲೆ ಅವರು 40 ಕೋಣೆಯ ಕಲ್ಲಿನ ಬಂಗಲೆ ಕಟ್ಟಿಸಿಕೊಂಡದ್ದೂ ಹೌದು. ಟಿಪ್ಪಕನೂ ಪ್ಲೇಸ್ ಅಂತ ಅದರ ಹೆಸರು.

ಇನ್ನು ಕಾರಿನ ವಿಷಯ. ಜಾನ್ ಅವರ ಮಗಳನ್ನು ಮದುವೆಯಾದ ಫ್ರೆಡರಿಕ್ ಫಿಶ್ ವೃತ್ತಿಯಲ್ಲಿ ವಕೀಲರು. ಕುಲುಮೆಯ ಹೊಗೆ ಕುಡಿದು ಬೆಳೆದವರಲ್ಲ. ಕುದುರೆ ಇಲ್ಲದ ಗಾಡಿಯ ಕಾಲ ಬರುತ್ತಿದೆ ಅಂತ ಅವರು 1890ರ ದಶಕದಲ್ಲೇ ಮನೆಯವರಿಗೆ ಹೇಳತೊಡಗಿದರು. ಜಾನ್‌ಗೆ ಪೆಟ್ರೋಲ್ ಗಾಡಿ ಕಂಡರೆ ಆಗುತ್ತಿರಲಿಲ್ಲ. ವಾಸನೆ, ಗದ್ದಲ, ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಅದಕ್ಕೆ 1902ರಲ್ಲಿ ಮೊದಲು ಬಂದದ್ದು ಬ್ಯಾಟರಿಯ ಕಾರು. ಆ ವರ್ಷ ಮಾರಿದ್ದು 20. ಕೊಂಡವರಲ್ಲಿ ಥಾಮಸ್ ಎಡಿಸನ್ ಒಬ್ಬರು. 1904ರಲ್ಲಿ ಪೆಟ್ರೋಲ್ ಕಾರೂ ಬಂತು. ಅದರ ಕೆಳಗಿನ ಚೌಕಟ್ಟು, ಎಂಜಿನ್ ಗಾರ್‌ಫೋರ್ಡ್ ಅನ್ನುವ ಬೇರೆ ಕಂಪನಿಯದು.

ಆ ಹೊತ್ತಿಗೆ ಜೇಕಬ್, ಹೆನ್ರಿ, ಪೀಟರ್, ಕ್ಲೆಮೆಂಟ್ ನಾಲ್ವರೂ ತೀರಿಕೊಂಡಿದ್ದರು. ಉಳಿದವರು ಜಾನ್ ಒಬ್ಬರೇ. ಬಂಡಿಯ ಜೊತೆ ನಡೆದು ಕ್ಯಾಲಿಫೋರ್ನಿಯಾ ಮುಟ್ಟಿದ ಮನುಷ್ಯ ತನ್ನ ಹೆಸರಿನ ಕಾರುಗಳು ಸಾವಿರಗಟ್ಟಲೆ ಓಡುವುದನ್ನು ನೋಡಿದರು. ಅಮೆರಿಕದಲ್ಲಿ ಬಂಡಿ ಕಟ್ಟುವ ಕಂಪನಿಗಳು ಸಾವಿರಾರು ಇದ್ದವು. ಹೀಗೆ ಕಾರಿಗೆ ದಾಟಿ ದೊಡ್ಡದಾಗಿ ನಿಂತವರು ಬಹಳ ಕಡಿಮೆ. ಬೇರೆಯವರ ಹತ್ತಿರ ಇಲ್ಲದ ಏನು ಇವರ ಹತ್ತಿರ ಇತ್ತು? ಎಂಜಿನ್ನಿನ ಜ್ಞಾನವಂತೂ ಇರಲಿಲ್ಲ. ಇದ್ದದ್ದು ಊರೂರಲ್ಲಿ ಬಂಡಿ ಮಾರುತ್ತಿದ್ದ ಏಜೆಂಟರು ಮತ್ತು ಐವತ್ತು ವರ್ಷದಲ್ಲಿ ಗಳಿಸಿದ ನಂಬಿಕೆ. ಅಪ್ಪ ಕೊಂಡ ಬಂಡಿ ಇನ್ನೂ ಗಟ್ಟಿಯಾಗಿರುವಾಗ ಮಗ ಅದೇ ಹೆಸರಿನ ಕಾರು ಕೊಳ್ಳಲು ಹಿಂಜರಿಯಲಿಲ್ಲ.

ಕಾರು ಮಾಡಲು ಮಾತ್ರ ಬಂಡಿಯ ದುಡ್ಡು ಸಾಲಲಿಲ್ಲ. 1911ರಲ್ಲಿ ಡೆಟ್ರಾಯಿಟಿನ ಇ-ಎಂ-ಎಫ್ ಕಾರು ಕಂಪನಿಯನ್ನು ಸೇರಿಸಿಕೊಂಡು ‘ಸ್ಟುಡಿಬೇಕರ್ ಕಾರ್ಪೊರೇಷನ್’ ಹುಟ್ಟಿತು. ಬಂಡವಾಳ ಎತ್ತಿಕೊಟ್ಟವರು ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ನ್ಯೂಯಾರ್ಕಿನ ಹಣಕಾಸಿನವರು. ಸಾಲ ಬೇಡ ಅಂದ ಕಮ್ಮಾರನ ಹೆಸರು ಈಗ ಷೇರುಪೇಟೆಯ ಹಾಳೆಯ ಮೇಲೆ ಬಂತು. ನಾನು ಇದನ್ನು ತಪ್ಪು ಅನ್ನುವುದಿಲ್ಲ. ಕಾರಿನ ಕಾರ್ಖಾನೆಯನ್ನು 68 ಡಾಲರಿಗೆ ಕಟ್ಟಲು ಬರುವುದಿಲ್ಲ. ಆದರೆ ಇಲ್ಲಿಂದ ಮುಂದೆ ಹೆಸರು ಮನೆತನದ್ದು, ಮಾತು ಬೇರೆಯವರದ್ದು. ಜಾನ್ 1917ರಲ್ಲಿ ತೀರಿಕೊಂಡರು. ಮಹಾಯುದ್ಧಕ್ಕೆ ಬ್ರಿಟಿಷರ ಆರ್ಡರ್ ಬಂದದ್ದರಿಂದ ಬಂಡಿ ವಿಭಾಗ ಇನ್ನೂ ಸ್ವಲ್ಪ ಕಾಲ ಉಸಿರಾಡಿತು. 1920ರಲ್ಲಿ ಅದೂ ನಿಂತು, ಉಳಿದದ್ದೆಲ್ಲ ಲೂಯಿವಿಲ್‌ನ ಒಂದು ಬಂಡಿ ಕಂಪನಿಗೆ ಹೋಯಿತು.

ಆಗ ಕಂಪನಿಯ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಅರ್ಸ್‌ಕಿನ್ ಲೆಕ್ಕಪತ್ರದ ಕಡೆಯಿಂದ ಬಂದವರು. ಷೇರುದಾರರನ್ನು ಖುಷಿಯಾಗಿಡಬೇಕು ಅನ್ನುವುದು ಅವರ ನಂಬಿಕೆ. 1930ರಲ್ಲಿ, ಆರ್ಥಿಕ ಕುಸಿತ ಆಗಲೇ ಶುರುವಾಗಿದ್ದಾಗ, ಕಂಪನಿ ಗಳಿಸಿದ ಲಾಭದ ಐದು ಪಟ್ಟು ಹಣವನ್ನು ಲಾಭಾಂಶ ಅಂತ ಹಂಚಿದರು. 1933ರ ಮಾರ್ಚಿನಲ್ಲಿ ಕಂಪನಿ ಕೋರ್ಟಿನ ಕೈಗೆ ಹೋಯಿತು. ಅದೇ ಜುಲೈ 1ರಂದು ಅರ್ಸ್‌ಕಿನ್ ಪ್ರಾಣ ತೆಗೆದುಕೊಂಡರು. ಅವರ ಕೆಳಗೆ ಕೆಲಸ ಮಾಡಿದ್ದ ಪಾಲ್ ಹಾಫ್‌ಮನ್, ಹೆರಾಲ್ಡ್ ವಾನ್ಸ್ ಇಬ್ಬರೂ ಹೇಗೋ ಕಂಪನಿಯನ್ನು ಎತ್ತಿ ನಿಲ್ಲಿಸಿದರು. ಸೌತ್ ಬೆಂಡಿನ ಜನರಿಗೆ ಇನ್ನೂ ಮೂವತ್ತು ವರ್ಷ ಕೆಲಸ ಸಿಕ್ಕಿತು.

1963ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ, ಸೌತ್ ಬೆಂಡಿನ ಕಾರು ಕಾರ್ಖಾನೆ ಮುಚ್ಚಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1966ರ ಮಾರ್ಚಿನವರೆಗೆ ಕಾರು ತಯಾರಾದವು, ಆಮೇಲೆ ಅಲ್ಲೂ ಇಲ್ಲ. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಅನ್ನುವ ಮೂರು ದೊಡ್ಡ ಕಂಪನಿಗಳ ಜೊತೆ ಪೈಪೋಟಿ, ಹಳೇ ಕಟ್ಟಡಗಳು, ಏರಿದ ಖರ್ಚು ಅಂತ ಕಾರಣಗಳನ್ನು ಬೇಕಾದಷ್ಟು ಕೊಡಬಹುದು. ಕಾರ್ಖಾನೆಗಳು ಮುಚ್ಚುತ್ತವೆ, ಅದನ್ನು ಒಪ್ಪಿಕೊಳ್ಳಬಹುದು. ನನಗೆ ಒಪ್ಪಿಕೊಳ್ಳಲು ಆಗದೇ ಇರುವುದು ಪಿಂಚಣಿಯ ವಿಷಯ.

1950ರಲ್ಲಿ ಕಂಪನಿ ಮತ್ತು ಕಾರ್ಮಿಕ ಸಂಘ ಸೇರಿ ಒಂದು ಪಿಂಚಣಿ ನಿಧಿ ಮಾಡಿದ್ದವು. ಕಾರ್ಖಾನೆ ನಿಂತಾಗ ನೋಡಿದರೆ, ಕೊಟ್ಟ ಮಾತಿಗೆ ತಕ್ಕ ದುಡ್ಡು ಅದರಲ್ಲಿ ಇರಲಿಲ್ಲ. 60 ದಾಟಿದವರಿಗೆ, ಆಗಲೇ ನಿವೃತ್ತರಾದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59ರ ನಡುವಿನ, ಹತ್ತು ವರ್ಷಕ್ಕಿಂತ ಜಾಸ್ತಿ ದುಡಿದ ಸುಮಾರು 4,000 ಜನರಿಗೆ ಸಿಕ್ಕಿದ್ದು ರೂಪಾಯಿಗೆ ಹದಿನೈದು ಪೈಸೆಯ ಲೆಕ್ಕ. ಅವರ ಸರಾಸರಿ ವಯಸ್ಸು 52, ಸರಾಸರಿ ಸೇವೆ 23 ವರ್ಷ. ಕೈಗೆ ಬಂದದ್ದು ಒಬ್ಬೊಬ್ಬರಿಗೆ ಸರಾಸರಿ 600 ಡಾಲರ್, ಒಂದೇ ಸಲಕ್ಕೆ. ಅವರಿಗಿಂತ ಚಿಕ್ಕವರಿಗೆ ಏನೂ ಇಲ್ಲ.

ಕಂಪನಿ ಪೂರ್ತಿ ಮುಳುಗಿತ್ತು ಅಂದುಕೊಳ್ಳಬೇಡಿ. ಅದರ ಬೇರೆ ವ್ಯಾಪಾರಗಳು ನಡೆಯುತ್ತಲೇ ಇದ್ದವು. ಎಂಜಿನ್ ಎಣ್ಣೆಗೆ ಬೆರೆಸುವ ಎಸ್‌ಟಿಪಿ ಆಗ ಅವರದೇ. 1967ರಲ್ಲಿ ವರ್ತಿಂಗ್‌ಟನ್ ಅನ್ನುವ ಕಂಪನಿಯ ಜೊತೆ ಸೇರಿ ಸ್ಟುಡಿಬೇಕರ್-ವರ್ತಿಂಗ್‌ಟನ್ ಆಗಿ ಮುಂದುವರಿಯಿತು. ನಿಧಿಯಲ್ಲಿ ಇದ್ದಷ್ಟೇ ಕೊಡಬೇಕು, ಕಮ್ಮಿ ಬಿದ್ದದ್ದನ್ನು ಕಂಪನಿ ತುಂಬಿಕೊಡಬೇಕಾಗಿಲ್ಲ ಅಂತ ಒಪ್ಪಂದದಲ್ಲೇ ಇತ್ತು. ಕಾನೂನಿನ ಪ್ರಕಾರ ಲೆಕ್ಕ ಚುಕ್ತಾ. ಆದರೆ 23 ವರ್ಷ ದುಡಿದವನಿಗೆ ಕೊಟ್ಟ ಮಾತು ಸಾಲವಲ್ಲದೆ ಮತ್ತೇನು? ಆ ಹೆಸರು ಹೊತ್ತ ಕಂಪನಿಗೆ ಅದನ್ನು ತೀರಿಸುವ ದಾರಿ ಇತ್ತು. ತೀರಿಸಲಿಲ್ಲ. ಮನೆತನದ ಐವರು ಅಣ್ಣತಮ್ಮಂದಿರನ್ನು ಇದಕ್ಕೆ ಹೊಣೆ ಮಾಡಲು ಬರುವುದಿಲ್ಲ, ಅವರೆಲ್ಲ ಹೋಗಿ ಎಷ್ಟೋ ಕಾಲವಾಗಿತ್ತು. ಹೆಸರನ್ನು ಮಾರುವಾಗ ಅದರ ಜೊತೆಗಿದ್ದ ನಡತೆಯನ್ನೂ ಬರೆದುಕೊಡಲು ಬರುವುದಿಲ್ಲವಲ್ಲ, ನನ್ನ ಸಂಕಟ ಅದು.

ಇಂಡಿಯಾನಾದ ಸೆನೆಟರ್ ವಾನ್ಸ್ ಹಾರ್ಟ್‌ಕಿ 1964ರಲ್ಲೇ ಪಿಂಚಣಿಗೆ ಸರ್ಕಾರದ ವಿಮೆ ಬೇಕು ಅಂತ ಮಸೂದೆ ತಂದರು. ಅದು ಪಾಸಾಗಲಿಲ್ಲ. ಸೌತ್ ಬೆಂಡಿನ ಉದಾಹರಣೆಯನ್ನು ಮುಂದಿಟ್ಟುಕೊಂಡು ಮಾತುಕತೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕರ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಪಿಂಚಣಿ ರಕ್ಷಣೆಯ ಕಾನೂನಿಗೆ ಸಹಿ ಹಾಕಿದರು. ಅದನ್ನು ‘ಎರಿಸಾ’ ಅನ್ನುತ್ತಾರೆ. ನಿಧಿಗೆ ಕಂಪನಿ ಎಷ್ಟು ಹಣ ತುಂಬಬೇಕು, ಎಷ್ಟು ವರ್ಷ ದುಡಿದರೆ ಹಕ್ಕು ಗಟ್ಟಿಯಾಗುತ್ತದೆ ಅನ್ನುವುದನ್ನು ಅದು ಕಟ್ಟುನಿಟ್ಟು ಮಾಡಿತು. ನಿಧಿ ಬರಿದಾದರೆ ಒಂದು ಮಿತಿಯವರೆಗೆ ಪಿಂಚಣಿ ಕೊಡಲು ಸರ್ಕಾರದ್ದೇ ಒಂದು ಸಂಸ್ಥೆ ಹುಟ್ಟಿತು. ಇವತ್ತು ಅಮೆರಿಕದಲ್ಲಿ ಕೋಟ್ಯಂತರ ಜನರ ಪಿಂಚಣಿಗೆ ಆ ಕಾನೂನಿನ ಆಸರೆ ಇದೆ. ಸೌತ್ ಬೆಂಡಿನ ಆ 4,000 ಜನರಿಗೆ ಮಾತ್ರ ಅದರಿಂದ ಒಂದು ಡಾಲರೂ ಸಿಗಲಿಲ್ಲ. ಕಾನೂನು ಹಿಂದಿನ ಬಾಕಿಯನ್ನು ಮುಟ್ಟಲಿಲ್ಲ.